ಪುಸ್ತಕದಲ್ಲಿಲ್ಲದ ದೋಣಿಯವಳು

ನವೆಂಬರ್ ಒಂಬತ್ತು, ಭಾನುವಾರ

...ಅಲ್ಲ ವಿಶ್ವ, ಹೀಗಲ್ಲ, ಮತ್ತೆ ಮೊದಲಿಂದ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಎರಡು ಸಲ ರೆಕಾರ್ಡ್ ಮಾಡಿ ಅಳಿಸ್ದೆ. ನಾನು ವಸಂತ. ಭದ್ರಾವತಿ ವಸಂತ, ಈಗ ಶಿವಮೊಗ್ಗದಲ್ಲಿದೀನಿ. ನಿನ್ನ ನಂಬರ್ ಯುವರಾಜ ಕೊಟ್ಟ. ಇಷ್ಟು ವರ್ಷ ಒಂದು ಫೋನ್ ಮಾಡ್ಲಿಲ್ಲ, ತಪ್ಪು ನಂದೇ. ನೀನಿರೋ ಆಯನೂರಿಗೆ ಇಲ್ಲಿಂದ ಅರ್ಧ ಗಂಟೆ ದಾರಿ, ನೋಡು.

ಕಾಗದನಗರದಲ್ಲಿ ಯುವರಾಜನ ಕ್ವಾರ್ಟರ್ಸ್‌ನಲ್ಲಿ ಆಡ್ತಿದ್ವಲ್ಲ, ದಾಳ ಹಾಕಿ ಕಥೆ ಕಟ್ಟೋ ಆಟ? ನೀನು ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ಹಿಡ್ಕೊಂಡು ಕಥೆ ನಡೆಸೋನು, ನಾನು ಮಂತ್ರವಾದಿ, ಅವನು ಕತ್ತಿ ಹಿಡಿದೋನು. ಆ ಕಥೆ ಎಲ್ಲಾ ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೆ. ಈಗ ಅದನ್ನ ಕನ್ನಡದಲ್ಲಿ ಪುಸ್ತಕ ಮಾಡಿ ಮಾರೋಣ ಅಂತ ಹೊರಟಿದೀನಿ ಮಾರಾಯ.

ಆದ್ರೆ ಆಟದ ಕಂಪನಿಯವರದ್ದು ಒಂದು ಲೈಸೆನ್ಸ್ ಇದೆ. ನನ್ನ ಮಗಳು ವಿದ್ಯಾಶ್ರೀ ಓದಿ ಹೇಳಿದ್ಲು. "ಅಪ್ಪ, ನಿಯಮ ಯಾರು ಬೇಕಾದ್ರೂ ಬಳಸ್ಬಹುದು. ಅವರ ಪುಸ್ತಕದ ಊರು, ಜನ, ಹೆಸರು ಮಾತ್ರ ಒಂದೂ ಇರಂಗಿಲ್ಲ. ಉಳಿದಿದ್ದೆಲ್ಲ ನನ್ನ ಸ್ವಂತದ್ದು ಅಂತ ನೀನೇ ಟಿಕ್ ಹಾಕ್ಬೇಕು."

ಸರಿ, ಅವರದ್ದೆಲ್ಲ ಹೊಡೆದು ಹಾಕೋಣ ಅಂತ ಕೆಂಪು ಪೆನ್ನು ಹಿಡಿದು ಕೂತೆ. ಊರು ಹೋಯ್ತು, ಕೋಟೆ ಹೋಯ್ತು. ದೋಣಿಯವಳು ಓರಿನಾ ಬಂದಾಗ ಪೆನ್ನು ಏಳ್ಲೇ ಇಲ್ಲ. ನೆನಪಿದ್ಯಾ? "ಈ ದಡದಲ್ಲಿ ಯಾರನ್ನ ಬಿಟ್ಟು ಹೊರಟೆ?" ಅಂತ ಕೇಳೋಳು. ನಿಜ ಹೇಳಿದ್ರೇನೇ ದೋಣಿ ಅಲ್ಲಾಡೋದು. ಯುವರಾಜ ಮೂರು ಸಲ "ಯಾರೂ ಇಲ್ಲ" ಅಂದ, ದೋಣಿ ಅಲ್ಲೇ ನಿಂತಿತ್ತು. ಅವರಮ್ಮ ಶೇಷಮ್ಮ ಅಡುಗೆಮನೆಯಿಂದ, "ನನ್ನ ಹೆಸ್ರು ಹೇಳಿ ಸಾಯೋ, ಅನ್ನ ಆರಿ ಹೋಗ್ತೈತೆ!" ಅಂದಿದ್ರು.

ಹೊಡೆದು ಹಾಕೋ ಮೊದಲು ಖಾತ್ರಿ ಮಾಡ್ಕೊಳ್ಳೋಣ ಅಂತ ವಿದ್ಯಾ ಆ ಇಂಗ್ಲಿಷ್ ಪುಸ್ತಕನೇ ತರಿಸಿದ್ಲು. ಹುಡುಕಿದ್ರೆ ಓರಿನಾ ಇಲ್ಲ. ದೋಣಿ ಇಲ್ಲ. ಹೊಳೆನೇ ಇಲ್ಲ ಕಣೋ! ಯುವರಾಜನಿಗೆ ಫೋನ್ ಮಾಡ್ದೆ. ಅವನು ನಗ್ತಾನೆ. "ನಮ್ಮ ಮಾವ ಮದ್ರಾಸಿಂದ ತಂದ ಝೆರಾಕ್ಸಲ್ಲಿ ನಡುವಿನ ಹದಿನಾರು ಪುಟ ಇರ್ಲೇ ಇಲ್ಲಪ್ಪ. ವಿಶ್ವ ಆಟ ಬಿಟ್ಟು ಹೋದ್ಮೇಲೆ ಬಿಚ್ಚಿ ನೋಡ್ದೆ. ಅಷ್ಟೂ ಅವನೇ ಕಟ್ಟಿದ್ದು. ನಿಂಗೂ ಗೊತ್ತು ಅನ್ಕೊಂಡಿದ್ದೆ."

ನಂಗೆಲ್ಲಿ ಗೊತ್ತಾಗ್ಬೇಕು? ಕಥೆ ನಡೆಸೋನು ಬಿಟ್ಟು ಯಾರೂ ಪುಸ್ತಕ ಮುಟ್ಟಂಗಿಲ್ಲ ಅನ್ನೋದೇ ಆಟದ ಕಟ್ಟಳೆ. ನೀನು ಬೆರಳಿಟ್ಕೊಂಡು ಓದೋ ಹಾಗೆ ಹೇಳ್ತಿದ್ದೆ. ಇಂಗ್ಲಿಷ್ ಹೆಸರು ಬೇರೆ, ನಾವು ನಂಬ್ಲಿ ಅಂತ. ಎಂಥ ಕಳ್ಳನೋ ನೀನು!

ಕಂಪನಿಯವರ ಅಡ್ಡಿ ಇಲ್ಲ ಈಗ. ಆದ್ರೆ ಅವಳು ನನ್ನೋಳು ಅಂತ ಟಿಕ್ ಹಾಕೋಕೆ ಕೈ ಬರ್ತಿಲ್ಲ. ನೀನು ಒಪ್ಪಿದ್ರೆ ನಿನ್ನ ಹೆಸರು ಮುಂದೆ ಹಾಕಿ ಅವಳನ್ನ ಇಟ್ಕೋತೀನಿ. ಬೇಡ ಅಂದ್ರೆ ಹೊಳೆ ಸಮೇತ ತೆಗೀತೀನಿ. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಮನೆಯವ್ರಿಗೆಲ್ಲ ಕೇಳಿದೆ ಅಂತ ಹೇಳು. ಎಲ್ಲರೂ ಚೆನ್ನಾಗಿರಿ. ನಿನ್ನ ವಸಂತ.

ಇನ್ನೊಂದು ಮಾತು ವಿಶ್ವ. ಹೇಳ್ಬೇಕಾಗಿದ್ದು ಇದೇ, ಈಗ ಕಳ್ಸಿದ ರೆಕಾರ್ಡಲ್ಲಿ ಬಾಯಿಗೆ ಬರ್ಲಿಲ್ಲ. ನಾವು ಆಡಿದ ಕೊನೇ ದಿನ ನನ್ನ ಮಂತ್ರವಾದಿ ಸತ್ತ. ದಾಳ ಕೈಕೊಟ್ಟಿದ್ದು, ನೀನೇನು ಮಾಡ್ತೀಯ? ನಾನು ಸಿಟ್ಟಲ್ಲಿ, "ನಿಂದೇನಿದೆಯೋ ಇದ್ರಲ್ಲಿ? ಪುಸ್ತಕದಲ್ಲಿರೋದು ಓದ್ತೀಯ, ಅಷ್ಟೇ ತಾನೇ" ಅಂದೆ.

ಒಂದು ಮಾತು ತಿರುಗಿಸಿ ಬೈದಿದ್ರೆ ಸಾಕಿತ್ತಲ್ಲೋ. ನೀನು "ಹೌದು ಮಾರಾಯ, ನಂದೇನೂ ಇಲ್ಲ" ಅಂದೆ. ಪುಸ್ತಕ ಯುವರಾಜನ ಕೈಗೆ ಕೊಟ್ಟು ಸೈಕಲ್ ಹತ್ತಿದೆ. ಇಪ್ಪತ್ತೊಂಬತ್ತು ವರ್ಷ ಆಯ್ತು. ಅಚ್ಚು ಹಾಕ್ಸೋದು ಹಾಳಾಗ್ಲಿ ಬಿಡೋ, ಆ ಕಥೆಲಿ ಮುಂದೇನಾಯ್ತು ಅಂತ ನಿನ್ನ ಬಾಯಲ್ಲೇ ಕೇಳ್ಬೇಕು ನಂಗೆ. ನಾನು ಅವತ್ತು ಅಂದಿದ್ದು...

"ರೀ, ನೆಂಟ್ರು ಬಂದು ಕೂತಿದಾರೆ, ನೀವು ಫೋನಲ್ಲೇ ಇದೀರಲ್ಲ!"

ಬಂದೆ ಸುಮನಾ, ಬಂದೆ. ವಿಶ್ವ, ನನ್ ಹೆಂಡ್ತಿ ಕರೀತಿದಾಳೆ. ತಪ್ಪಾಯ್ತು ಕಣೋ. ಇಡ್ತೀನಿ.