ಕೇಳದೆ ಕೊಟ್ಟ ಹೆಸರು

ಪ್ರೀತಿಯ ಗುಬ್ಬಿ,

ಹನ್ನೆರಡು ವರ್ಷ ತುಟಿ ಹೊಲಿದುಕೊಂಡು ಕೂತವಳು ಈಗ ಯಾಕೆ ಬರೆಯುತ್ತಿದ್ದಾಳೆಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತವಳ ಹುಬ್ಬು ನನಗೆ ಗೊತ್ತಿಲ್ಲವೇ. ಬೈಯುವುದಿದ್ದರೆ ಆಮೇಲೆ ಬೈಯಿ, ಮೊದಲು ಓದು.

ಹೋದ ಮಂಗಳವಾರ ಬೆಳಿಗ್ಗೆ ಸ್ನಾನಕ್ಕೆ ಹೋದೆ. ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇಲ್ಲ, ಆದರೂ ಚಿಲಕ ಹಾಕುವ ಅಭ್ಯಾಸ. ಸೀರೆ ಸುತ್ತಿಕೊಂಡು ಹೊರಗೆ ಬರಲು ನೋಡಿದರೆ ಚಿಲಕ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೂಗೋಣವೆಂದು ಬಾಯಿ ತೆರೆದೆ. ಬಂದದ್ದು ಬೆಕ್ಕಿನ ಮರಿಯ ಸ್ವರ. ನಾನು ಕೊನೆಯ ಸಲ ಮಾತಾಡಿದ್ದು ಗುರುವಾರ, ಔಷಧಿ ಅಂಗಡಿಯವಳ ಹತ್ತಿರ. "ಸಾಕು" ಅಂದಿದ್ದೆ, ಅಷ್ಟೇ. ಊರಿಗೆಲ್ಲ ಲೈನು ಕೂಡಿಸಿದ ಗಂಟಲು ಐದೇ ದಿನದಲ್ಲಿ ತುಕ್ಕು ಹಿಡಿದಿತ್ತು.

ಒದ್ದೆ ನೆಲದಲ್ಲಿ ಕುಸಿದೆ. ನಾನಿಲ್ಲವೆಂದು ಮೊದಲು ಯಾರಿಗೆ ತಿಳಿದೀತು? ಅಣ್ಣ ತೀರಿಕೊಂಡ ಮೇಲೆ ಫೋನ್ ಮಾಡುವವರಿಲ್ಲ. ಮೀಟರ್ ನೋಡುವವಳು ತಿಂಗಳ ಕೊನೆಗೆ ಬರುತ್ತಾಳೆ, ಬಾಗಿಲು ತೆಗೆಯದಿದ್ದರೆ ಚೀಟಿ ಸಿಕ್ಕಿಸಿ ಹೋಗುತ್ತಾಳೆ. ಹಾಗಾದರೆ ವಾಸನೆ ಬಂದ ಮೇಲೆಯೇ.

ಮೇಲಿನ ಮನೆಯಲ್ಲಿ ಒಬ್ಬ ದರ್ಜಿ ಇದ್ದಾನೆ. ಅವನ ಹೊಲಿಗೆ ಯಂತ್ರದ ಗರಗರ ಜಾಸ್ತಿಯಾದಾಗೆಲ್ಲ ನಾನು ನೀರಿನ ಪೈಪಿಗೆ ಬಡಿದು ಅದನ್ನು ಸುಮ್ಮನಾಗಿಸುತ್ತಿದ್ದೆ. ಅವತ್ತೂ ತಂಬಿಗೆಯಿಂದ ಬಡಿದೆ. ಯಂತ್ರ ನಿಂತಿತು. ಇನ್ನೇನು ಇಳಿದು ಬಂದನೆಂದು ಕಿವಿ ನಿಮಿರಿಸಿದೆ. ಬರಲಿಲ್ಲ. ಮುದುಕಿಗೆ ಕಿರಿಕಿರಿಯಾಯಿತೆಂದು ನಿಲ್ಲಿಸಿಬಿಟ್ಟಿದ್ದ, ಗುಬ್ಬಿ. ಅಷ್ಟು ದಟ್ಟವಾದ ನಿಶ್ಶಬ್ದವನ್ನು ನಾನು ಕಂಡಿರಲಿಲ್ಲ. ನನಗಿದ್ದ ಒಬ್ಬನೇ ಒಬ್ಬ ನೆರೆಯವನ ಬಾಯಿಯನ್ನು ನಾನೇ ಮುಚ್ಚಿಸಿದ್ದೆ.

ತಂಬಿಗೆ ನಜ್ಜುಗುಜ್ಜಾಗುವವರೆಗೆ ಬಡಿದೆ. ಮಧ್ಯಾಹ್ನಕ್ಕೆ ಅವನ ತಾಳ್ಮೆ ಕೆಟ್ಟಿತು. ಬೆಳಿಗ್ಗೆ ಕಸ ಹೊರಗಿಟ್ಟು ಬಂದ ನಾನು ಮುಂಬಾಗಿಲಿಗೆ ಅಗಳಿ ಹಾಕಿರಲಿಲ್ಲ, ನನ್ನ ಪುಣ್ಯ. ಒಳಗೆ ಬಂದವನೇ, "ಮಿಷನ್ ನಿಲ್ಸಿ ಎರಡು ಗಂಟೆ ಆಯ್ತು. ಇನ್ನೇನಮ್ಮ ನಿಮ್ದು ತಕರಾರು?" ಎಂದ. ಆ ಸಿಡುಕು ಕೇಳಿ ನಾನು ಗಳಗಳ ಅತ್ತೆ.

ಚಿಲಕ ಮುರಿದು ನನ್ನನ್ನು ಹೊರಗೆ ತಂದ, ಕಂಬಳಿ ಹೊದಿಸಿದ, ನೀರು ಕಾಯಿಸಿ ಕುಡಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಯಾರಿಗೆ ಹೇಳ್ಬೇಕಮ್ಮ?"

ನೂರಾರು ನಂಬರು ಬಾಯಿಪಾಠವಿದ್ದವಳ ತಲೆ ಖಾಲಿ. ಕೊನೆಗೆ ನಿನ್ನ ಹೆಸರು ಹೇಳಿದೆ. ನಿನ್ನ ಗಂಡ ತೀರಿಹೋದಾಗ ಏನು ಹೇಳಬೇಕೆಂದು ತೋಚದೆ ಮುಖ ತಪ್ಪಿಸಿಕೊಂಡವಳು ನಾನು. ಆಮೇಲೆ ವರ್ಷಗಳು ಕಳೆದಂತೆ ನಾಚಿಕೆ ಬೆಳೆಯಿತು. ನಿನ್ನನ್ನು ಒಂದು ಮಾತೂ ಕೇಳದೆ, ನಿನ್ನ ಹಳೆಯ ವಿಳಾಸ ಕೊಟ್ಟೆ. ಮುಂದೆ ನನಗೇನಾದರೂ ಆದರೆ ತಿಳಿಸಲೆಂದು ಅವನು ಹೆಸರು, ವಿಳಾಸ ಎರಡನ್ನೂ ನನ್ನ ಮುಂಬಾಗಿಲ ಹಿಂದೆ ದಪ್ಪಕ್ಷರದಲ್ಲಿ ಬರೆದ.

ದಿನಾ ಬೆಳಿಗ್ಗೆ ಬಂದು ವಿಚಾರಿಸಿಕೊಳ್ಳುತ್ತಾನೆ. ಆದರೆ ಮುಂದಿನ ತಿಂಗಳು ಮಗಳ ಊರಿಗೆ ಮನೆ ಬದಲಾಯಿಸುತ್ತಾನಂತೆ.

ನೀನು ಅದೇ ಮನೆಯಲ್ಲಿದ್ದೀಯೋ, ಅಸಲಿಗೆ ಇದ್ದೀಯೋ, ಯಾವುದೂ ತಿಳಿಯದು. ಈ ಕಾಗದ ವಾಪಸು ಬಂದರೆ ಎಂಬ ಭಯಕ್ಕೆ ಎರಡು ದಿನ ಪೆನ್ನು ಮುಟ್ಟಲಿಲ್ಲ. ನಿನ್ನ ಹೆಸರು ಅಲ್ಲಿರುವುದು ನಿನಗೆ ಬೇಡವಾದರೆ ಅಳಿಸೆಂದು ಬರೆ, ಅಳಿಸುತ್ತೇನೆ. ಆದರೆ ಬರೆ.

ಎಲ್ಲಿದ್ದರೂ ನಿನ್ನನ್ನು ದಿನಕ್ಕೊಮ್ಮೆಯಾದರೂ ಯಾರಾದರೂ ಹೆಸರು ಹಿಡಿದು ಕರೆಯುತ್ತಿರಲಿ.

ಇಂತಿ ನಿನ್ನ,
ಹೇಡಿ ಗೆಳತಿ