ಎರಡು ಎಂದವಳಿಗೆ ಸೊನ್ನೆ

ಮಕ್ಕಳ ಬುದ್ಧಿಮಾಪನ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಹಿರಿಯ ಮಗಳ ಸಂತಾಪಸಭೆಗೆ ಬಿಡುವು ಮಾಡಿಕೊಂಡು ಬಂದ ತಮಗೂ ತಮ್ಮ ಸಿಬ್ಬಂದಿಗೂ ವಂದನೆ. ಕುರ್ಚಿ ಸಾಲದೆ ಗೋಡೆಗೊರಗಿ ನಿಂತವರಿಗೂ ವಂದನೆ. ಸಂತಾಪವನ್ನು ಮಾತ್ರ ಸ್ವೀಕರಿಸಲಾರೆ. ಹನ್ನೊಂದು ವರ್ಷದ ಆ ಹುಡುಗಿಗೆ ನಿಮ್ಮ ಕೇಂದ್ರ ಎಪ್ಪತ್ತೊಂದು ಎಂಬ ಅಂಕಿ ಕೊಟ್ಟು ‘ಮಂದಬುದ್ಧಿಯ ಅಂಚು’ ಎಂದು ಬರೆಯಿತು. ಸಭೆಯಲ್ಲಿ ತಾವು ಅವಳನ್ನು ‘ಬಲು ಚುರುಕು ಮಗು’ ಎಂದಿರಿ. ಯಾವ ಮಾತು ಸುಳ್ಳು?

ನಿಮ್ಮ ಪರೀಕ್ಷಕಿ ಓದಿ ಹೇಳಿದ ಪ್ರಶ್ನೆ ಇದು: ಎರಡು, ಆರು, ಹತ್ತು, ಏಳು, ಗುಂಪಿಗೆ ಸೇರದ್ದು ಯಾವುದು? ಏಳು ಎನ್ನಬೇಕಿತ್ತು; ಅದೊಂದೇ ಬೆಸಸಂಖ್ಯೆ. ಮಗಳು ಎರಡು ಎಂದಳು. ಸೊನ್ನೆ ಬಿತ್ತು. ಏಕೆಂದು ಯಾರೂ ಕೇಳಲಿಲ್ಲ. ಮನೆಗೆ ಬಂದು ನನಗೆ ಹೇಳಿದಳು:

“ಏಳು ಅಂದ್ರೆ ಏಳ್ತೀನಪ್ಪಾ, ಹತ್ತು ಅಂದ್ರೆ ಮೆಟ್ಲು ಹತ್ತುತ್ತೀನಿ. ದೀಪಕ್ಕೆ ಆರು ಅಂದ್ರೆ ಆರುತ್ತೆ. ಎರಡು ಅಂದ್ರೆ ಏನ್ ಮಾಡ್ಲಿ, ನೀನೇ ಹೇಳು?”

“ಸಾಕು ನಿನ್ನ ಅಧಿಕಪ್ರಸಂಗ. ಓದಿದೋರು ಸುಮ್‌ಸುಮ್ನೆ ಬರೀತಾರಾ?” ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತನ್ನು ಪೂರ್ತಿ ಕೇಳಿಯೇ ಖಂಡಿಸುತ್ತಿದ್ದ ನಾನು, ನಿಮ್ಮ ಮೊಹರು ಕಂಡು ಮಗಳನ್ನು ಕೇಳದೆಯೇ ಸೋಲಿಸಿದೆ.

ಅಂದು ಅವಳು ನಿಮ್ಮ ಕೊಠಡಿಯಲ್ಲಿ ಮೂರು ಬಾರಿ “ಮಿಸ್, ತಲೆ ನೋಯ್ತಿದೆ” ಎಂದಿದ್ದಳು. ವರದಿಯಲ್ಲಿ ಅದು ‘ತಪ್ಪಿಸಿಕೊಳ್ಳುವ ಪ್ರವೃತ್ತಿ’ ಆಯಿತು. ಆ ಮಾತು ಶಾಲೆಗೂ ನನಗೂ ಅಂಟಿತು. ಅವಳು ತಲೆ ಹಿಡಿದುಕೊಂಡಾಗಲೆಲ್ಲ ನೆಪ ಎಂದೆವು. ಐದು ತಿಂಗಳ ಬಳಿಕ ವೈದ್ಯರು ಮಿದುಳಿನ ಗಡ್ಡೆ ತೋರಿಸಿದರು. ಅವಳು ಉಳಿಯಲಿಲ್ಲ. ನೀವು ಕೊಂದಿರಿ ಎನ್ನುವುದಿಲ್ಲ. ಆಧಾರವಿಲ್ಲದ ವಾದ ಮಂಡಿಸುವವನಲ್ಲ ನಾನು. ಆದರೆ ಹೇಳಿ, ಆ ಎಪ್ಪತ್ತೊಂದು ಅಳೆದದ್ದು ಬುದ್ಧಿಯನ್ನೋ, ನೋವನ್ನೋ, ಗಡಿಯಾರದ ಭಯವನ್ನೋ, ಪ್ರಶ್ನೆ ಬರೆದವರ ಮನಸ್ಸನ್ನು ಊಹಿಸುವ ಚಾತುರ್ಯವನ್ನೋ? ಜಮೀನು ಅಳೆಯುವುದು ನನ್ನ ಕಸುಬು. ಅಳತೆ ಹೊಂದದಿದ್ದರೆ ನಾವು ಮೊದಲು ಅಳೆಯುವ ಸರಪಳಿಯನ್ನು ಪರೀಕ್ಷಿಸುತ್ತೇವೆ. ಹೊಲವನ್ನು ಮಂದಬುದ್ಧಿ ಎನ್ನುವುದಿಲ್ಲ.

ಪರೀಕ್ಷಾ ಕೊಠಡಿಗೆ ಅವಳ ಹೆಸರಿಡುವುದಾಗಿ ಸಭೆಯಲ್ಲಿ ಘೋಷಿಸಿದ ತಮ್ಮ ಔದಾರ್ಯ ಬೇಡ. ಆ ಅಂಕಿಯನ್ನು ಕಡತದಿಂದ ಹೊಡೆದುಹಾಕಿ. ಇನ್ನು ಮುಂದೆ ‘ತಪ್ಪು’ ಉತ್ತರದ ಪಕ್ಕದಲ್ಲಿ ಮಗು ಕೊಡುವ ಕಾರಣಕ್ಕೆಂದು ಒಂದು ಸಾಲು ಬಿಡಿ.

ನನ್ನ ಕಿರಿಯ ಮಗಳಿಗೆ ಬರುವ ಸೋಮವಾರ ನಿಮ್ಮಲ್ಲಿ ಪರೀಕ್ಷೆ ನಿಗದಿಯಾಗಿದೆ. ವರದಿಯಿಲ್ಲದೆ ಶಾಲೆ ಸೇರಿಸಿಕೊಳ್ಳದು ಎಂದು ನನ್ನ ಹೆಂಡತಿ ಹೆದರಿದ್ದಾಳೆ. ಆಕೆಯನ್ನೂ ಕೇಳದೆ, ನಾನೊಬ್ಬನೇ ನಿರ್ಧರಿಸಿದ್ದೇನೆ: ಮಗು ಬರುವುದಿಲ್ಲ.

ಇಂತಿ,
ವರದಿಯನ್ನು ನಂಬಿ ಮಗಳನ್ನು ನಂಬದೆ ಹೋದ ತಂದೆ