ಶ್ರೀರಕ್ಷಾಗೆ ಬರೆದಿದ್ದ ಉತ್ತರ

೧೪ ನವೆಂಬರ್ ೨೦೨೫, ಶುಕ್ರವಾರ. ವಿಶಾಖಪಟ್ಟಣ.

ಕೋಡಿಗೆ ಬರೆದ ತಿದ್ದುಪಡಿ, ಆ ಪ್ಯಾಚ್, ಕೆಲಸ ಮಾಡಿತು, ಆದರೂ ಊಟ ಸೇರಲಿಲ್ಲ. ಕಂಪ್ಯೂಟರಿನ ಮೆಮೊರಿ ತುಂಬಿದಾಗ ಅದರ ಮೂಲ ತಂತ್ರಾಂಶವಾದ ಕರ್ನಲ್ ಯಾವ ಪುಟಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಹೊರಹಾಕಬೇಕು ಎಂಬ ಗೋಳು ಮೂರು ವರ್ಷದ್ದು. ಹೊರಹಾಕಿದ ಪುಟ ಕೂಡಲೇ ವಾಪಸ್ ಬೇಕಾದರೆ ಆಯ್ಕೆಯೇ ತಪ್ಪು, ಅದನ್ನು ಗಮನಿಸಿ ಕರ್ನಲ್ ತಿದ್ದಿಕೊಳ್ಳಲಿ ಎಂದು ಮೊದಲು ಹೇಳಿದವಳು ನಮ್ಮ ತಂಡದಲ್ಲಿದ್ದ ಶ್ರೀರಕ್ಷಾ. ಆಗ ನಾನು ಅವಳಿಗೆ ಉತ್ತರವಾಗಿ, ಊರವರೆಲ್ಲ ಓದುವ ಇ-ಮೇಲ್ ಚರ್ಚೆಯ ಮೇಲಿಂಗ್ ಲಿಸ್ಟಿನಲ್ಲೇ ಬರೆದೆ: "ಮೊದಲು ಕೋಡ್ ಓದಲು ಕಲಿಯಿರಿ." ಅವಳು ಕೆಲಸ ಬಿಟ್ಟಳು. ಇಂದು ಅದೇ ಉಪಾಯದಿಂದ ಸರ್ವರ್ ತಡವರಿಸುವುದು ಅರ್ಧಕ್ಕಿಳಿಯಿತು.

ಸಂಜೆ ವಿಜಯವಾಡಕ್ಕೆ, ಅವಳಿಗೆ ಫೋನ್ ಮಾಡಿದೆ. ಸಲಹೆ ಕೊಟ್ಟವರ ಹೆಸರನ್ನು ಪ್ಯಾಚಿನಲ್ಲಿ ಬರೆಯುವುದು ನಮ್ಮ ಪದ್ಧತಿ. "ನಿನ್ನ ಹೆಸರು ಹಾಕಲೇನಮ್ಮಾ?" ಎಂದೆ.

"ಪರವಾಲೇದು, ಪರವಾಗಿಲ್ಲ ಸರ್, ಹಾಕಿ," ಎಂದಳು ಮೆತ್ತಗೆ. "ಆದ್ರೆ ನೆಟ್‌ನಲ್ಲಿ ನನ್ನ ಹೆಸರು ಹುಡುಕಿದ್ರೆ ಈಗ್ಲೂ ಮೊದಲು ಬರೋದು ನಿಮ್ಮ ಆ ಉತ್ತರಾನೇ. ಎರಡು ಇಂಟರ್‌ವ್ಯೂನಲ್ಲಿ ಅದನ್ನೇ ಓದಿ ಕೇಳಿದ್ರು."

ಕ್ಷಮೆ ಕೇಳದೆಯೇ ಫೋನಿಟ್ಟೆ. ಪ್ಯಾಚಿನಲ್ಲಿ ಅವಳ ಹೆಸರು ಹಾಕಿ ಅದೇ ಲಿಸ್ಟಿಗೆ ಕಳಿಸಿದೆ.

ಲಿಸ್ಟಿಗೆ ಹೋದ ಪತ್ರವನ್ನು ಯಾರೂ ಅಳಿಸುವಂತಿಲ್ಲ. ಆ ನಿಯಮ ಬೇಕೇ ಬೇಕೆಂದು ಹಠ ಹಿಡಿದವನೂ ನಾನೇ.